ಅನೂರು ಬಸ್ಸು

ಕೊಳ್ಳೇಗಾಲ
14 ನವೆಂಬರ್ 2024

ನನ್ನ ಮುದ್ದು ತಮ್ಮ ದೇವರಾಜುವಿಗೆ ಪದ್ಮಿನಕ್ಕನ ಆಶೀರ್ವಾದ.

ಹೇಗಿದ್ದೀಯೋ? ವಯನಾಡಿನ ಮಳೆಯಲ್ಲಿ ಶುಂಠಿ ಹೊಲದ ಕೆಸರು ತುಳಿದು ಕಾಲಬೆರಳ ಸಂದಿಯೆಲ್ಲ ಕೊಳೆತಿರಬೇಕು, ಎಣ್ಣೆ ಹಚ್ಚಿಕೋ. ಅವ್ವ ಯಳಂದೂರಿನಲ್ಲಿ ನಮ್ಮ ಜೊತೆಯೇ ಇದ್ದಾಳೆ, ಮಂಡಿನೋವು ಬಿಟ್ಟರೆ ಆರೋಗ್ಯ. ಅವಳ ಕಣ್ಣಿಗೆ ಬೀಳಬಾರದೆಂದು ಇದನ್ನು ಆಫೀಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಎಷ್ಟು ಸಲ ಮಾಡಿದರೂ ಫೋನು ಎತ್ತುವುದಿಲ್ಲವಲ್ಲ, ಮುಂಡೇದೇ ಎಂದು ಬರೆದು ಹೊಡೆದು ಹಾಕಿದ್ದೇನೆ, ನೋಡು. ಆ ಬೈಗುಳ ಇನ್ನು ನನ್ನ ಬಾಯಲ್ಲಿ ಬರುವುದಿಲ್ಲ, ಯಾಕೆಂದು ಮುಂದೆ ಓದು.

ಮರೆವಿನ ಕಾಯಿಲೆಯ ಅಪ್ಪನನ್ನು ಇಲ್ಲಿನ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂರಿಸಿ ನೀನು ಟೀ ತರಲು ಹೋದದ್ದು, ಬರುವಷ್ಟರಲ್ಲಿ ಅಪ್ಪ ಯಾವುದೋ ಬಸ್ಸು ಹತ್ತಿದ್ದು, ಊರವರ ಚುಚ್ಚುಮಾತು ತಾಳದೆ ನೀನೂ ಹೊರಟುಹೋದದ್ದು, ಇದನ್ನೆಲ್ಲ ನೆನೆಯದ ದಿನವಿಲ್ಲ. ಅಪ್ಪನನ್ನು ಹುಡುಕಲೆಂದೇ ನಾನು ಈ ಸಂಸ್ಥೆಯ ಕಂಪ್ಯೂಟರ್ ಕೆಲಸಕ್ಕೆ ಸೇರಿದ್ದು. ಆಶ್ರಮಗಳಲ್ಲಿರುವ ದಿಕ್ಕಿಲ್ಲದವರ ವಿವರಗಳನ್ನು ಎಕ್ಸ್‌ಎಂಎಲ್ ಎಂಬ ಬಗೆಯ ಫೈಲುಗಳಲ್ಲಿ ಕೂಡಿಸುತ್ತೇವೆ. ಒಬ್ಬೊಬ್ಬರಿಗೂ ಹೆಸರು, ಲಿಂಗ, ವಯಸ್ಸು, ಊರು ಎಂಬ ಕಾಲಂಗಳು. ಕೆಳಗೆ ನೋಡಿಕೊಂಡವರು ಬರೆದ ಟಿಪ್ಪಣಿ. ಕಾಲಂನಲ್ಲಿ ಹುಡುಕಿದರೆ ಒಂದಕ್ಷರ ತಪ್ಪಿದರೂ ಇಲ್ಲ ಎನ್ನುತ್ತದೆ. ಟಿಪ್ಪಣಿಯಲ್ಲಿ ಹುಡುಕಿದರೆ ನಮ್ಮ ಮಾತಿಗೆ ಹೆಚ್ಚು ಹತ್ತಿರವಾದವರನ್ನು ಮೇಲೆ ತಂದು ನಿಲ್ಲಿಸುತ್ತದೆ. ಎರಡನ್ನೂ ಸೇರಿಸಿಯೂ ಕೇಳಬಹುದು.

ಊರಿನ ಕಾಲಂನಲ್ಲಿ ನಮ್ಮೂರು ಹನೂರಿನ ಹೆಸರು ಕೊಟ್ಟು ಹುಡುಕಿ ಹುಡುಕಿ ಸೋತಿದ್ದೆ. ಮೊನ್ನೆ ಸಂಜೆ ಜೊತೆ ಕೆಲಸದ ರಾಣಿ ಬ್ಯಾಗು ಎತ್ತಿಕೊಂಡು, “ನಾ ಬತ್ತೀನಿ ಕಣಕ್ಕ, ಅನೂರ್ ಬಸ್ಸು ಒಂಟೋಯ್ತದೆ” ಎಂದಳು. ಅಯ್ಯೋ ನನ್ನ ಬುದ್ಧಿಯೇ! ನಮ್ಮಪ್ಪನ ಬಾಯಲ್ಲಿ ಎಂದಾದರೂ ‘ಹ’ ಬಂದಿತ್ತೇನೋ? ಊರಿನ ಕಾಲಂ ಬಿಟ್ಟೆ. ಗಂಡಸು, ಅರವತ್ತು ದಾಟಿದವನು, ಅಷ್ಟನ್ನೇ ಉಳಿಸಿಕೊಂಡು ಟಿಪ್ಪಣಿಗೆ ಅಪ್ಪ ಆಡುವ ಹಾಗೆಯೇ ಕೊಟ್ಟೆ: ಅನೂರು, ಬಸ್ಸು, ಜೊತೆಗೆ ಅವನ ಮೊಂಡು ಹೆಬ್ಬೆರಳು. ಎಲ್ಲರಿಗಿಂತ ಮೇಲೆ ಬಂದವನು ನಮ್ಮಪ್ಪನೇ ಕಣೋ. ದೂರದ ಜಿಲ್ಲೆಯ ಆಶ್ರಮವೊಂದರ ಫೈಲು. ಹೆಸರು ಗೊತ್ತಿಲ್ಲ, ಊರು ‘ಅನೂರು’, ಅಂಥ ಊರು ಪತ್ತೆಯಾಗಿಲ್ಲ ಎಂದಿತ್ತು.

ಟಿಪ್ಪಣಿಯ ಕೊನೆಯ ಸಾಲು ಈ ವರ್ಷದ ಆಷಾಢದ್ದು. ಜ್ವರ ಬಂದು ತೀರಿಕೊಂಡನಂತೆ. ವಾರಸುದಾರರಿಲ್ಲವೆಂದು ಆಶ್ರಮದವರೇ ಮಣ್ಣು ಮಾಡಿದ್ದಾರೆ. ಫೋನು ಮಾಡಿ ಫೋಟೋ ತರಿಸಿಕೊಂಡೆ, ಅಪ್ಪನೇ. ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತೆ. ಎರಡು ಮಳೆಗಾಲ ಒಂದಕ್ಷರದ ಆಚೆ ಕೂತಿದ್ದನಲ್ಲೋ ನಮ್ಮಪ್ಪ!

ಆದರೆ ಅಲ್ಲಿ ಇನ್ನೊಂದು ಮಾತಿದೆ, ನೀನು ಓದಲೇಬೇಕು. ಬೆಳಗಾದರೆ ಗೇಟಿನ ಹತ್ತಿರ ಕೂತು, “ಅನೂರ್ ಬಸ್ಸು ಬಂತಾ ಸಾ?” ಎಂದು ಬಂದವರನ್ನೆಲ್ಲ ಕೇಳುತ್ತಿದ್ದನಂತೆ. ಒಳಗೆ ಕರೆದರೆ, “ನಾನೆಲ್ಲೂ ಬರಾಕಿಲ್ಲ. ನನ್ ಮಗ ಟೀ ತರಕ್ಕೋಗವ್ನೆ, ಈಗ್ ಬತ್ತಾನೆ” ಎನ್ನುತ್ತಿದ್ದನಂತೆ. ಬಿಟ್ಟುಹೋದ ಎಂದು ನಿನ್ನನ್ನು ಒಂದು ದಿನವೂ ದೂರಲಿಲ್ಲ ಕಣೋ. ಊರವರ ಮಾತು ಹಾಳಾಗಲಿ, ಇದನ್ನು ಎದೆಗೆ ಹಾಕಿಕೋ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಾದಪ್ಪ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಪದ್ಮಿನಿ

ಮರೆತ ಮಾತು: ಅವ್ವನಿಗೆ ಇನ್ನೂ ಹೇಳಿಲ್ಲ. ಇವತ್ತು ಬೆಳಗ್ಗೆಯೂ ಕನ್ನಡಿ ಮುಂದೆ ಕುಂಕುಮ ಇಟ್ಟುಕೊಳ್ಳುತ್ತಾ, “ನಿಮ್ಮಪ್ಪ ಬಂದಾಗ ಬರೀ ಅಣೇಲಿ ಇರಬಾರ್ದು ಕಣವ್ವ” ಎಂದಳು. ನನ್ನೊಬ್ಬಳ ಕೈಲಾಗುವುದಿಲ್ಲ. ನೀನು ಬಂದು ಅವಳ ಪಕ್ಕ ಕೂರುವವರೆಗೂ ಆ ಕುಂಕುಮ ಹಾಗೇ ಇರಲಿ. ಬಾರೋ.