ನಿಂಗೇನ್ ಕಮ್ಮಿ ಮಾಡಿದ್ದೆ?

ಹೊಳವನಹಳ್ಳಿ
21 ಆಗಸ್ಟ್ 2025

ಪ್ರೀತಿಯ ಗೌರೀಶ್,

ಅಪ್ಪನ ಮನೆಯಲ್ಲಿ ನನಗೇನೂ ತೊಂದರೆಯಿಲ್ಲ. ನೀವು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರೋ ಇಲ್ಲವೋ ಅನ್ನುವುದೇ ಚಿಂತೆ. ಭಾನುವಾರವೇ ಬರೆಯಬೇಕಿತ್ತು, ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಬರೆದದ್ದನ್ನು ಹರಿಯುವುದೇ ಆಯಿತು. ಫೋನ್ ಮಾಡಿದರೆ ಕಟ್ ಮಾಡುತ್ತೀರಿ, ಮೆಸೇಜ್ ನೋಡಿದರೂ ಉತ್ತರವಿಲ್ಲ. ಕಾಗದವನ್ನಾದರೆ ಕೊನೆಯವರೆಗೂ ಓದುತ್ತೀರಿ, ಗೊತ್ತು. ಹುಡುಗರ ಉತ್ತರ ಪತ್ರಿಕೆಯನ್ನೇ ಎರಡು ಸಲ ಓದುವ ಲೆಕ್ಕದ ಮೇಷ್ಟ್ರು ನೀವು.

ಭಾನುವಾರ ನೀವು ಮಧುಗಿರಿಯಿಂದ ಬೈಕಿನಲ್ಲಿ ಬಂದಿಳಿದಾಗ ಅಪ್ಪ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ನೀವು ನನ್ನ ಪಾಸ್‌ಪೋರ್ಟನ್ನು ಅವರ ಕಾಲ ಹತ್ತಿರ ಎಸೆದಿರಿ. "ತಗೋ, ಹೋಗು. ಹದಿನಾಲ್ಕು ವರ್ಷದಲ್ಲಿ ನಿಂಗೇನ್ ಕಮ್ಮಿ ಮಾಡಿದ್ದೆ? ಎಲ್ರ ಮುಂದೆ ಹೇಳ್ಬುಟ್ಟು ಹೋಗು" ಅಂದಿರಿ. ನಿಮ್ಮ ದನಿಗೆ ಎದುರು ಮನೆಯವರು ಹೊರಗೆ ಬಂದರು. ಅಪ್ಪ ಎದ್ದು ನಿಂತು, "ಅಳೀಮಯ್ಯ, ಮೊದ್ಲು ಒಳೀಕೆ ಬನ್ನಿ. ಇಂಗೆ ಬೀದೀಲಿ ನಿಂತ್ಕಂಡು ಆಡೋ ಮಾತಾ ಇದು?" ಎಂದರು. ಸೋದರತ್ತೆ ದೊಡ್ಡಕ್ಕ ನೀರಿನ ಚೊಂಬು ತರುವಷ್ಟರಲ್ಲಿ ನೀವು ಬೈಕ್ ತಿರುಗಿಸಿದ್ದಿರಿ. ಈ ಮನೆಯಲ್ಲಿ ನೀರು ಕುಡಿಯಲು, ಊಟ ಮಾಡಲು ನೀವು ಎಂದೂ ಹಿಂದೆಮುಂದೆ ನೋಡಿದವರಲ್ಲ. ಅದಕ್ಕೇ ದೊಡ್ಡಕ್ಕನಿಗೆ ನೋವಾಯಿತು.

ನನಗೂ ಉತ್ತರ ಬಾಯಿಗೆ ಬಂದಿತ್ತು. ಅಪ್ಪನ ಮುಖ ನೋಡಿ ನುಂಗಿಕೊಂಡೆ.

ಪೋಲೆಂಡಿಗೆ ಹೋಗಿ ಇರೋಣವೇ ಎಂದು ನಾನು ಬಾಯಿಬಿಟ್ಟ ದಿನವೇ ನೀವು ಆ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡಿರಿ. ಮನೆ ಬಿಟ್ಟು ಬರುವಷ್ಟು ಸಿಟ್ಟು ನನಗೆ ಬಂದದ್ದು ಆಗಲೇ. ನಾನು "ಇರೋಣವೇ" ಅಂದಿದ್ದೆ ಗೌರೀಶ್, "ಇರುತ್ತೇನೆ" ಅಂದಿರಲಿಲ್ಲ. ನೀವು ಅದನ್ನು ಕೇಳಿಸಿಕೊಳ್ಳಲಿಲ್ಲ.

ತಂಗಿ ಶರಣ್ಯಾಳ ಬಾಣಂತನಕ್ಕೆ ಏಪ್ರಿಲ್‌ನಲ್ಲಿ ರಜೆ ಹಾಕಿ ಪೋಲೆಂಡಿನ ಲುಬ್ಲಿನ್‌ಗೆ ಹೊರಟಾಗ ನಾನೇನೂ ಆಸೆ ಕಟ್ಟಿಕೊಂಡು ಹೋದವಳಲ್ಲ. ಚಳಿಗೆ ಹೆದರಿ ನಿಮ್ಮ ಸ್ವೆಟರನ್ನೂ ತುಂಬಿಕೊಂಡು ಹೋಗಿದ್ದೆ. ಮೊದಲ ವಾರ ಬಾಣಂತಿ, ಕೂಸು, ಬಿಸಿನೀರು, ಅಷ್ಟೇ. ಆಮೇಲೆ ಮಗುವಿಗೆ ನಿದ್ದೆ ಹತ್ತಿದಾಗ ಒಬ್ಬಳೇ ಹೊರಗೆ ಹೋಗತೊಡಗಿದೆ. ರಸ್ತೆ ದಾಟಲು ನಿಂತರೆ ಕಾರುಗಳು ನಿಲ್ಲುತ್ತಿದ್ದವು. ಪಾರ್ಕಿನ ಬೆಂಚಿನಲ್ಲಿ ನನ್ನ ವಯಸ್ಸಿನ ಹೆಂಗಸರು ಒಬ್ಬೊಬ್ಬರೇ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದರು, ನಾನೂ ಕೂತೆ. ಜೂನ್‌ನಲ್ಲಿ ರಾತ್ರಿ ಊಟದ ಹೊತ್ತಾದರೂ ಬೆಳಕು ಹೋಗುತ್ತಿರಲಿಲ್ಲ, ಬೀದಿಯ ಮರಗಳೆಲ್ಲ ಹೂ ಬಿಟ್ಟು ಊರೇ ಜೇನಿನ ವಾಸನೆ.

ಕೆಳಮನೆಯ ಹಲೀನಾ ಅನ್ನುವ ಮುದುಕಿ ಒಂದು ದಿನ ಕೈಹಿಡಿದು ಊರಾಚೆಯ ತನ್ನ ಕೈತೋಟಕ್ಕೆ ಕರೆದುಕೊಂಡು ಹೋದಳು. ಅವಳಿಗೆ ಇಂಗ್ಲಿಷ್ ಬಾರದು, ನನಗೆ ಅವಳ ಮಾತು ಬಾರದು. ನಾನು ಕಳೆ ಕಿತ್ತೆ, ಅವಳು ಸ್ಟ್ರಾಬೆರಿ ಕಿತ್ತಳು. ಆಮೇಲೆ ಅವಳ ಅಡುಗೆಮನೆಯಲ್ಲಿ ಕೂರಿಸಿ ಜುರೆಕ್ ಎಂಬ ಸಾರು ಬಡಿಸಿದಳು. ಹಿಟ್ಟನ್ನು ಹುಳಿ ಬರಿಸಿ ಕುದಿಸುತ್ತಾರೆ. ಕಣ್ಣು ಮುಚ್ಚಿ ಕುಡಿದರೆ ನಮ್ಮ ಅಂಬಲಿಯ ದೂರದ ನೆಂಟರೇ. ದಿನ ಕಳೆದಂತೆ ಆ ಅಡುಗೆಮನೆಯಲ್ಲಿ ಯಾವ ಡಬ್ಬಿಯಲ್ಲಿ ಏನಿದೆ ಎನ್ನುವುದೂ ನನಗೆ ಗೊತ್ತಾಯಿತು.

ಜುಲೈ ಒಂದಕ್ಕೆ ಅವಳ ಹೆಸರಿನ ಹಬ್ಬ. ನಾವು ಹುಟ್ಟುಹಬ್ಬ ಮಾಡಿದ ಹಾಗೆ ಅಲ್ಲಿಯ ಹಿರಿಯರು ಹೆಸರಿನ ದಿನ ಆಚರಿಸುತ್ತಾರೆ. ಮಕ್ಕಳು, ಮೊಮ್ಮಕ್ಕಳು, ಬೀಗರು ಎಲ್ಲ ಸೇರಿದ್ದರು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ, ಅಭ್ಯಾಸ. ಅವಳು ಎಳೆದು ತಂದು ಎಲ್ಲರ ಮುಂದೆ ನಿಲ್ಲಿಸಿ, "ನಾಶಾ ಗಂಗಾ!" ಎಂದು ಕೂಗಿದಳು. ನಾನು ಬೆಚ್ಚಿಬಿದ್ದೆ. ಇದೇನಪ್ಪಾ ಹಬ್ಬದ ದಿನ ನಾಶ ಅಂತಾಳಲ್ಲ ಎಂದು. ಶರಣ್ಯಾ ನಕ್ಕು, "ಅಕ್ಕ, ನಾಶಾ ಅಂದ್ರೆ ನಮ್ಮ ಅಂತ ಕಣೆ. ನಮ್ಮ ಗಂಗಾ ಅಂತವ್ಳೆ" ಎಂದಳು. ಬಚ್ಚಲಿಗೆ ಹೋಗಿ ಅತ್ತೆ. ಯಾಕೆಂದು ಆಗ ಶರಣ್ಯಾಳಿಗೂ ಹೇಳಲಿಲ್ಲ.

ಅಲ್ಲಿ ಎಲ್ಲರೂ ದೇವರಂಥವರು ಎಂದು ನಾನು ಹೇಳುತ್ತಿಲ್ಲ. ಒಂದು ಮಧ್ಯಾಹ್ನ ಬಸ್ಸಿನಲ್ಲಿ ಕುಡಿದವನೊಬ್ಬ ನನ್ನ ಮೈಬಣ್ಣ ನೋಡಿ ಕೂಗಾಡಿದ. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು. ಮುಂದಿನ ಸ್ಟಾಪಿನಲ್ಲೇ ಇಳಿದು ನಡೆದೆ. ಆದರೆ ಅವನು ನನ್ನನ್ನು ಬಲ್ಲವನಲ್ಲ. ಮನೆಗೆ ಹೋಗಿ ಮಗುವಿಗೆ ನೀರು ಹಾಕುವಾಗ ಅದು ಮರೆತುಹೋಯಿತು. ಇಲ್ಲಿ ಬಾಡಿಗೆ ಮನೆ ಹುಡುಕುವಾಗ "ನೀವು ಯಾವ ಪೈಕಿ?" ಎಂದು ಮಾಲೀಕರು ನಗುನಗುತ್ತಲೇ ಕೇಳುವುದು, ನೀವು ನಿಮ್ಮ ಜಾತಿಯನ್ನಷ್ಟೇ ಹೇಳಿ ಬಾಯಿ ಮುಚ್ಚುವುದು, ನಾನು ನಿಮ್ಮ ಹಿಂದೆ ಸೆರಗು ಸರಿಮಾಡಿಕೊಳ್ಳುವುದು, ಅದೊಂದೂ ನನಗೆ ಮರೆಯುವುದಿಲ್ಲ.

ಹಲೀನಾಳ ಸೊಸೆ ಬೆಯಾತಾ ಅಲ್ಲೊಂದು ಶಿಶುವಿಹಾರ ನಡೆಸುತ್ತಾಳೆ. ಅದರ ಅಡುಗೆಮನೆಗೆ ಬರುತ್ತೀಯಾ ಎಂದು ಕೇಳಿದವಳು ಅವಳೇ. ಕೆಲಸದ ಪರವಾನಗಿಯನ್ನೂ ಅವಳೇ ಮಾಡಿಸುತ್ತಾಳೆ. ಈ ಶುಕ್ರವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು.

ಸರ್ಕಾರಿ ಹೈಸ್ಕೂಲಿನ ಇಂಗ್ಲಿಷ್ ಮೇಡಂ ಸೌಟು ಹಿಡಿಯಲು ಹೋಗುತ್ತಾಳಂತೆ ಎಂದು ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲೂ ಮಾತು. ದೊಡ್ಡಕ್ಕ ದಿನಾ ಬೈಯುತ್ತಾಳೆ: "ಲೇ ಗಂಗಾ, ಇಲ್ಲಿ ನೂರು ಮಕ್ಕಳ ಕೈಲಿ ನಮಸ್ಕಾರ ಮಾಡಿಸ್ಕಂಡು, ಅಲ್ಲಿ ಹೋಗಿ ತಪ್ಪಲೆ ಉಜ್ತೀಯೇನೇ? ತಲೆ ನೆಟ್ಟಗೈತಾ?" ಹುಡುಗರನ್ನು ನೆನೆದರೆ ನನಗೂ ಕರುಳು ಕಿತ್ತು ಬರುತ್ತದೆ.

ನಿನ್ನೆ ಸಂಜೆ ಅಪ್ಪನನ್ನೇ ಕೇಳಿದೆ. ಬುದ್ಧನ ಪಟಕ್ಕೆ ದೀಪ ಹಚ್ಚಿ ಬಂದು ಕೂತಿದ್ದರು. ಅವರು ಅಂದರು: "ನಿನ್ನ ಓದಿಸಿದ್ದೇ ಈ ನೌಕರಿಗೆ ಕಣಮ್ಮ. ಅದ ಬುಟ್ಟೋಯ್ತೀನಿ ಅಂದ್ರೆ ನಂಗೆ ಹೊಟ್ಟೆ ಉರೀತದೆ, ಸುಳ್ಳೇಳಾಕಿಲ್ಲ. ಆದ್ರೆ ಗೌರೀಶಪ್ಪನ್ನ ಕಟ್ಕಂತೀನಿ ಅಂದಾಗ್ಲೂ ನಾ ತಡೀಲಿಲ್ಲ. ಈಗ್ಲೂ ತಡೆಯಾಕಿಲ್ಲ."

ಇವತ್ತು ಬೆಳಗ್ಗೆ ಶರಣ್ಯಾಳಿಗೆ ಫೋನ್ ಮಾಡಿ, ಬೆಯಾತಾಗೆ ಹೂಂ ಅಂತ ಹೇಳು ಎಂದೆ. ಸೋಮವಾರ ಶಾಲೆಗೆ ಬಂದು ರಾಜೀನಾಮೆ ಕೊಡುತ್ತೇನೆ. ಸ್ಟಾಫ್ ರೂಮಿನಲ್ಲಿ ನಾವಿಬ್ಬರೂ ಎದುರುಬದುರಾಗಲೇಬೇಕು. ಅಲ್ಲಿ ಕೂಗಾಡಬೇಡಿ. ನಾನೂ ಅಳುವುದಿಲ್ಲ.

ನಿಮ್ಮನ್ನು ಬಿಡುತ್ತಿದ್ದೇನೆ ಎಂದು ತಿಳಿಯಬೇಡಿ. ಮನೆಯವರನ್ನೆಲ್ಲ ಎದುರಿಸಿ ರಿಜಿಸ್ಟ್ರಾರ್ ಕಚೇರಿಯಲ್ಲಿ ನನ್ನ ಪಕ್ಕ ನಿಂತವರು ನೀವು. ಮಕ್ಕಳಾಗಲಿಲ್ಲವೆಂದು ಒಂದು ದಿನವೂ ನನ್ನನ್ನು ಆಡಿಕೊಂಡವರಲ್ಲ. ಬಂದು ನೋಡಿ, ಇರಬೇಕೆನಿಸಿದರೆ ಇರಿ ಎಂದು ಈಗಲೂ ಕರೆಯುತ್ತೇನೆ. ಆದರೆ ಈ ಸಲ ನಿಮ್ಮ ಒಪ್ಪಿಗೆಗೆ ಕಾಯುವುದಿಲ್ಲ.

ಅಪ್ಪ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ದೊಡ್ಡಕ್ಕ, ಕೋಪ ಇಳಿದ ಮೇಲೆ ಬಂದು ಮುದ್ದೆ ಉಂಡು ಹೋಗಲಿ ಅಂದಿದ್ದಾಳೆ. ನಿಮ್ಮ ಮೈ ಮನಸ್ಸು ತಣ್ಣಗಿರಲಿ, ಹಿಡಿದ ಕೆಲಸ ನೆಟ್ಟಗೆ ಸಾಗಲಿ.

ಎಂದಿನಂತೆ ನಿಮ್ಮವಳು,
ಗಂಗಾಂಬಿಕಾ

ಮ.ವಿ.: ನೀವು ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ಕಳೆದ ವರ್ಷ ಮದಲೂರಿನಲ್ಲಿ ನಿಮ್ಮ ತಾಯಿ ತೀರಿಕೊಂಡಾಗ ನೀವು ಮೊದಲೇ ಹೋಗಿದ್ದಿರಿ, ನಾನು ಶಾಲೆಯವರ ವ್ಯಾನಿನಲ್ಲಿ ಹಿಂದಿನಿಂದ ಬಂದೆ. ಬದುಕಿದ್ದಾಗ ಹೊಸಿಲು ದಾಟಿಸದಿದ್ದರೂ ಅತ್ತೆಯಲ್ಲವೇ, ಕಾಲು ಮುಟ್ಟಿ ನಮಸ್ಕರಿಸಬೇಕೆಂದು ಹೂವಿನ ಹಾರ ಹಿಡಿದು ಅಂಗಳಕ್ಕೆ ಬಂದೆ. ನಿಮ್ಮ ಸೋದರಮಾವ ಬೊಮ್ಮಪ್ಪ ಅಡ್ಡ ನಿಂತು, "ಈಯಮ್ಮ ಯಾರ್ಲಾ?" ಎಂದು ನಿಮ್ಮನ್ನು ಕೇಳಿದರು. ನೀವು ನನ್ನ ಮುಖ ನೋಡಿದಿರಿ. ಆಮೇಲೆ, "ನಮ್ ಸ್ಕೂಲ್ ಮೇಡಂ, ಮಾವ. ಸ್ಟಾಫ್ ಜೊತೆ ಬಂದವ್ರೆ" ಅಂದಿರಿ. ಹಾರವನ್ನು ನಿಮ್ಮ ಅಣ್ಣನ ಕೈಗೆ ಕೊಟ್ಟು ವ್ಯಾನಿಗೆ ಹೋಗಿ ಕೂತೆ. ನಾವು ಗಂಡಹೆಂಡತಿ ಎಂದು ಬಲ್ಲ ನಾಗಲಿಂಗಯ್ಯ ಮೇಷ್ಟ್ರು ಸರಿದು ಜಾಗ ಕೊಟ್ಟರು. ಮಧುಗಿರಿ ಬರುವವರೆಗೂ ಅವರು ನನ್ನ ಕಡೆ ತಿರುಗಲಿಲ್ಲ, ಕಿಟಕಿಯ ಆಚೆಗೇ ನೋಡುತ್ತಿದ್ದರು.