ಹಗಲಿನ ಹನ್ನೆರಡು ಹೆಸರು

ಮೆಕ್ನೆಸ್, ನವೆಂಬರ್ ೧೨, ಗುರುವಾರ.

ಜವ್ವಾದ್ ತೀರಿಕೊಂಡು ಇವತ್ತಿಗೆ ಅರವತ್ತೆರಡು ದಿನ. ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ಇದ್ದತ್ ಅವಧಿ ಮುಗಿಯಲು ಇನ್ನೂ ಎರಡು ತಿಂಗಳ ಮೇಲಿದೆ. ಅಲ್ಲಿಯವರೆಗೂ ಇದೇ ಬಿಳಿ ಬಟ್ಟೆ, ಹೊಸ್ತಿಲು ದಾಟುವಂತಿಲ್ಲ.

ಹೊತ್ತು ಹೋಗದೆ ಫೋನಿನ ನಿಘಂಟಿನಲ್ಲಿ ‘ಹಗಲು’ ಎಂದು ಹುಡುಕಿದೆ. ಹಳೆಯ ಅರಬರು ಹಗಲಿನ ಒಂದೊಂದು ತಾಸಿಗೂ ಒಂದೊಂದು ಹೆಸರಿಟ್ಟಿದ್ದರಂತೆ, ಒಟ್ಟು ಹನ್ನೆರಡು. ನನಗೋ ಬೆಳಗಿನಿಂದ ಸಂಜೆಯವರೆಗೆ ಎಲ್ಲ ಒಂದೇ ಗೋಡೆ. ಆದರೂ ಇಷ್ಟೊಂದು ಹೆಸರು ಸಿಕ್ಕ ಖುಷಿಗೆ ನಕ್ಕುಬಿಟ್ಟೆ.

ಅಡುಗೆಮನೆಯಿಂದ ಅತ್ತೆ ಬಂದರು. “ಯಾರ ಜೊತೆ ಮಾತಾಡ್ತಿದ್ದೀಯ?”

“ಯಾರ ಜೊತೇನೂ ಇಲ್ಲ ಲಲ್ಲಾ. ನಿಘಂಟು ನೋಡ್ತಿದ್ದೆ.”

“ಗಂಡ ಸತ್ತೋಳು ನಿಘಂಟು ನೋಡಿ ನಗ್ತಾಳಂತೆ. ಪಕ್ಕದ್ಮನೆಯೋರು ನಂಬ್ತಾರಾ? ಕೊಡಿಲ್ಲಿ.”

ಕೊಟ್ಟೆ. ಕನ್ನಡಕ ಏರಿಸಿ, ಪಟ್ಟಿಯ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಕೇಳಿದರು, “ಅವ್ನು ಕೆಲಸ ಮುಗಿಸ್ಕೊಂಡು ಮನೆಗೆ ಬರ್ತಿದ್ನಲ್ಲ, ಆ ಹೊತ್ತು ಯಾವ್ದು?”

“ಅಸೀಲ್. ಸೂರ್ಯ ಮುಳುಗೋಕೆ ಸ್ವಲ್ಪ ಮುಂಚೆ.”

“ಅಸೀಲ್” ಎಂದು ಎರಡು ಸಲ ಹೇಳಿಕೊಂಡರು. ಫೋನನ್ನು ಮಾತ್ರ ವಾಪಸ್ ಕೊಡಲಿಲ್ಲ. ಈಗ ಅದು ಅವರ ದಿಂಬಿನ ಕೆಳಗಿದೆ.

ಮರೆಯುವ ಮುಂಚೆ ಹನ್ನೆರಡನ್ನೂ ಬರೆದಿಡಬೇಕು. ಶುರೂಕ್, ಬುಕೂರ್, ಗುದ್ವಾ, ದುಹಾ. ಆಮೇಲೆ ಮಧ್ಯಾಹ್ನದ್ದು ಏನೋ ಒಂದು. ಆಮೇಲೆ ಅಸೀಲ್. ಅಸೀಲ್ ಆದಮೇಲೆ…