ನೂರ ನಲವತ್ತಮೂರನೆಯ ಮುಖ

ನವೆಂಬರ್ 6, ಸೋಮವಾರ. ಸಂಜೆ 5
ಇವತ್ತು ಹನ್ನೆರಡು ಸ್ಕ್ಯಾನ್. ಒಟ್ಟು 118. ಕತ್ತು ನೋವು. ಅನಾಟಮಿ ಟೆಸ್ಟಿಗೆ ಓದಿಲ್ಲ.

ಸುಲಭದ ಕೆಲಸ ಅಂದಿದ್ದರು ಇಸಕ್ಕಿಮುತ್ತು ಅಣ್ಣ. ಅವರು ಪಿಜಿ, ಥೀಸಿಸ್ ಅವರದು. ದವಡೆಯ ತ್ರೀ-ಡಿ ಎಕ್ಸ್‌ರೇಗಳಲ್ಲಿ ಸೈನಸ್ ನೋಡಬೇಕು — ಕೆನ್ನೆಮೂಳೆಯೊಳಗಿನ ಗಾಳಿಯ ಕೋಣೆ. ನಡುಗೋಡೆ ಎಷ್ಟು, ಕೋಣೆ ದೊಡ್ಡದೋ ಸಣ್ಣದೋ, ಎಡವೋ ಬಲವೋ. ಇನ್ನೂರು ಜನ. ಯಾರಿಗೂ ಹೆಸರಿಲ್ಲ. ಹೆಸರು ಕಾಣಬಾರದೆಂದು ಅಣ್ಣ ಚಿತ್ರದ ಅಂಚನ್ನೇ ಕತ್ತರಿಸಿದ್ದಾರೆ. ನಂಬರ್, ಗಂಡೋ ಹೆಣ್ಣೋ, ವಯಸ್ಸು, ತಿಂಗಳು ಅಷ್ಟೇ.

ಮೆಸ್‌ನಲ್ಲಿ ಸೊದಿ. ಸಾರಿನ ತೆಂಗಿನಹಾಲಿಗೆ ನೀರು ಹೊಯ್ದಿದ್ದರು. ಶಾಲೆಯ ಹಾಸ್ಟೆಲಿನ ಅಡುಗೆಯ ಕೊಂಬಯ್ಯಾ ತಾತ ನೋಡಿದ್ದರೆ ಸೌಟು ಕಿತ್ತುಕೊಳ್ಳುತ್ತಿದ್ದರು.

ನವೆಂಬರ್ 8, ಬುಧವಾರ
ತಾತನ ನೆನಪು ಹೋಗುತ್ತಲೇ ಇಲ್ಲ. ಸೊದಿಯದೇ ತಪ್ಪು.

ಪಾಳಯಂಕೋಟ್ಟೈ ಹಾಸ್ಟೆಲ್. ನನಗೆ ಆರು ವರ್ಷ. ಅಡುಗೆಯ ತಾತ ಎದುರಿಗೆ ನಿಂತು, ಹೀಗೆ ಕಲಸಬೇಕು, ಹೀಗೆ ಬಾಯಿಗಿಡಬೇಕು ಅಂತ ತೋರಿಸಿದರು. ಅವರು ಮಾಡಿದ ಹಾಗೇ ಮಾಡಿದೆ — ಎಡಗೈಯಲ್ಲಿ. ಎಲ್ಲರೂ ನಕ್ಕರು. ನಾನು ಅತ್ತೆ. ತಾತ ಸೌಟು ಕೆಳಗಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತರು.

“ನಾನೇನು ಕನ್ನಡೀನಾ ತಾಯಿ? ಎದುರಿಗೆ ನಿಂತಿರೋ ಮನುಷ್ಯ. ನನ್ನ ಬಲಗೈ ನಿನ್ನ ಎಡಗೈ ಕಡೆಗೇ ಇರುತ್ತೆ. ಈಗ ನೋಡು, ಪಕ್ಕದಲ್ಲಿದೀನಿ. ಉಣ್ಣು.”

ಹನ್ನೆರಡು ವರ್ಷ ಅವರ ಕೈಯ ಊಟ. ಅಮ್ಮನ ಕೈಯದಕ್ಕಿಂತ ಜಾಸ್ತಿ.

ನವೆಂಬರ್ 10, ಶುಕ್ರವಾರ. ಮಧ್ಯಾಹ್ನ 3.40
ಬರೆದುಬಿಡುತ್ತೇನೆ.

143. ಗಂಡಸು, 67, ಮಾರ್ಚ್. ಮೇಲಿನ ಕೋರೆಹಲ್ಲಿಗೆ ಲೋಹದ ಕ್ಯಾಪ್ — ಸ್ಕ್ಯಾನಿನಲ್ಲಿ ಬಿಳಿ ನಕ್ಷತ್ರದ ಹಾಗೆ ಸಿಡಿದಿದೆ. ಅದೇ ಕಡೆಯ ಸೈನಸ್ ಬೆಳೆದೇ ಇಲ್ಲ, ಕಡಲೆಕಾಳಿನಷ್ಟು.

ಈ ಮಾರ್ಚಿನಲ್ಲಿ ಇದೇ ಕಾಲೇಜಿಗೆ ತಾತನನ್ನು ಕರೆತಂದವಳು ನಾನೇ. ಮಷೀನು ತಲೆಯ ಸುತ್ತ ತಿರುಗುವವರೆಗೂ ನನ್ನ ದುಪಟ್ಟಾ ಬಿಡಲಿಲ್ಲ. ಡಾಕ್ಟರು, “ಈ ಕಡೆ ರೂಮು ತುಂಬಾ ಸಣ್ಣದು ತಾತಾ” ಅಂದರು. “ಹಾಸ್ಟೆಲ್‌ನಲ್ಲೂ ನಂಗೆ ಸಣ್ಣ ರೂಮೇ ಕೊಟ್ಟಿದಾರೆ ಸಾರ್!” ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ನಾನು ಡೆಂಟಲ್ ಸೇರಬೇಕೆಂದುಕೊಂಡದ್ದು ಅವತ್ತು.

ಜೂನ್‌ನಲ್ಲಿ ತಾತ ಹೋದರು. ನಾನು ಸೇರಿದ್ದನ್ನು ನೋಡಲಿಲ್ಲ.

ಪರದೆಯಲ್ಲಿ ಕ್ಯಾಪ್ ನನ್ನ ಎಡಗೈ ಕಡೆಗಿತ್ತು. ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ, ಅವರು ನಕ್ಕರೆ ಹೊಳೆಯುತ್ತಿದ್ದದ್ದೂ ಅಲ್ಲೇ. ಖುಷಿಯಾಯಿತು. ಶೀಟಿನಲ್ಲಿ ಬರೆದೆ: ಸಣ್ಣ ಕೋಣೆ — ಎಡ.

ಆಮೇಲೆ ಹೊಳೆಯಿತು. ಅದು ತಾತನ ಎಡ ಅಲ್ಲ. ಲವಂಗ ಒತ್ತಿಟ್ಟುಕೊಳ್ಳುತ್ತಿದ್ದದ್ದು ಆ ಹಲ್ಲಿಗೇ, ಬಲಗೈಯಿಂದ ಬಲಗೆನ್ನೆ ಹಿಡಿದು. ಸ್ಕ್ಯಾನ್ ಕನ್ನಡಿಯಲ್ಲ. ಎದುರಿಗೆ ನಿಂತ ಮನುಷ್ಯ. ಬಲ ಎಂದು ತೋರಿಸುವ ಅಕ್ಷರ ಅಂಚಿನ ಜೊತೆ ಕತ್ತರಿಸಿ ಹೋಗಿದೆ, ನಾನೂ ಕೇಳಲಿಲ್ಲ.

143 ಜನರ ಮುಖ ತಿರುಗಿಸಿಟ್ಟಿದ್ದೇನೆ.

ಅಣ್ಣ ಬಂದರು. “ಬ್ಯೂಲಾ! ಎಡಗಡೆ ಕೋಣೆಗಳಲ್ಲೇ ಗೋಡೆ ಜಾಸ್ತಿ ಕಣೇ. ಗೈಡ್ ಮೇಡಂ ಭಾರಿ ಖುಷಿ. ಹದಿನೆಂಟಕ್ಕೆ ಕಾನ್ಫರೆನ್ಸಿಗೆ ಪೇಪರ್ ಕಳಿಸ್ತಿದೀವಿ. ನಿನ್ನ ಹೆಸರೂ ಹಾಕಿದೀನಿ, ಹಲ್ವಾ ಯಾವಾಗ?”

ನಾಳೆ ಅಂದೆ. ನಾಳೆ ಅಂತ ಯಾಕಂದೆ...

ನವೆಂಬರ್ 16, ಗುರುವಾರ
ದೀಪಾವಳಿ ರಜೆ ಮುಗಿಯಿತು. ಹೇಳಿಲ್ಲ. ಉಳಿದ 57ನ್ನೂ ತಪ್ಪಾಗಿಯೇ ತುಂಬಿದೆ, ಎಲ್ಲಾ ಒಂದೇ ಥರ ಇರಲಿ ಅಂತ. ಹೇಡಿ.

ಹೇಳಿದರೆ ತೆಗೆದುಹಾಕುತ್ತಾರೆ. ‘ಎಡಬಲ ತಿಳಿಯದ ಹುಡುಗಿ’ ಅಂತ ಐದು ವರ್ಷ ಕರೆಯುತ್ತಾರೆ. ಮತ್ತೆ ಆರು ವರ್ಷದವಳು, ಎಡಗೈಯಲ್ಲಿ ಅನ್ನ. ಆದರೆ ಈ ಸಲ ಪಕ್ಕದಲ್ಲಿ ಬಂದು ಕೂರುವವರಿಲ್ಲ.

ನವೆಂಬರ್ 17, ಶುಕ್ರವಾರ. ಮಧ್ಯಾಹ್ನ 1
ಹೇಳಿದೆ.

ಅಣ್ಣ ಮೊದಲು ನಕ್ಕರು. ಆಮೇಲೆ, “ಎಷ್ಟು?”

“ಎಲ್ಲಾ.”

“ಇನ್ನೂರೂ?” ಕುರ್ಚಿಯಲ್ಲಿ ಕೂತುಬಿಟ್ಟರು. “ಅಂಚು ಕತ್ತರಿಸಿದ್ದು ನಾನೇ ಕಣೇ. ಥೂ.”

ಗೈಡ್ ಶೆಂಬಗವಲ್ಲಿ ಮೇಡಂ ಹತ್ತಿರ ಹೋದೆವು. ಅವರು ನಗಲಿಲ್ಲ. ಶೀಟಿನಲ್ಲಿ ಎಡ, ಬಲ ಅನ್ನೋದನ್ನು ಅದಲುಬದಲು ಮಾಡಿದರೆ ಸಾಕಲ್ಲವಾ ಅಂತ ಅಣ್ಣ ಮೆಲ್ಲಗೆ ಕೇಳಿದರು.

“ಇನ್ನೂರರಲ್ಲೂ ಒಂದೇ ಥರ ತಪ್ಪಿದಾಳೆ ಅಂತ ಯಾರಪ್ಪಾ ಗ್ಯಾರಂಟಿ? ನೀನಾ? ಅವಳೇ ಕೊಡಲ್ಲ, ಕೇಳಿ ನೋಡು.”

ಕೊಡಲಿಲ್ಲ. ಕೊಡಲಾಗಲಿಲ್ಲ.

“ನಾಳೆ ಏನೂ ಹೋಗಲ್ಲ. ಒಂದರಿಂದ ಶುರು ಮಾಡಿ. ಇಬ್ಬರೂ, ಬೇರೆ ಬೇರೆ ಕೂತು.” ಆಮೇಲೆ ನನ್ನ ಕಡೆ ತಿರುಗಿ, “ಹೇಗಮ್ಮಾ ಗೊತ್ತಾಯ್ತು?”

ಹೆಸರು ಹೇಳುವ ಹಾಗಿಲ್ಲ. “ಯಾರೋ ಎದುರಿಗೆ ನಿಂತ ಹಾಗಾಯ್ತು ಮೇಡಂ” ಅಂದೆ. ಮೇಡಂ “ಹಾಗೇ ನೋಡಬೇಕು” ಅಂದರು. ಅಷ್ಟೇ.

ನವೆಂಬರ್ 29, ಬುಧವಾರ. ಸಂಜೆ 4
ಒಂದೊಂದು ಸ್ಕ್ಯಾನ್ ತೆರೆದಾಗಲೂ ಮೊದಲು ನನ್ನ ಬಲಗೈ ಎತ್ತುತ್ತೇನೆ. ಅಣ್ಣ ಅಣಕಿಸುತ್ತಾರೆ: “ಏನೇ, ಬಸ್ ನಿಲ್ಲಿಸ್ತಿದೀಯಾ?” ಕಾಲೇಜಿಗೆಲ್ಲಾ ಗೊತ್ತಾಗಿದೆ. ಏನು ಬೇಕಾದರೂ ಕರೆಯಲಿ.

ಇವತ್ತು 143 ಬಂತು. ಕೈ ಎತ್ತಲಿಲ್ಲ. ಬೇಕಾಗಲಿಲ್ಲ. ಸಣ್ಣ ಕೋಣೆ — ಬಲ.

ಮುಚ್ಚಲು ಮನಸ್ಸಾಗಲಿಲ್ಲ. ಆ ಬಿಳಿ ನಕ್ಷತ್ರ, ನಕ್ಕಾಗ ಇದ್ದಲ್ಲೇ. ಸಾಲು ನನ್ನ ಹಿಂದೆ ಕಾಯುತ್ತಿದ್ದ ಹಾಗೆ, ತಟ್ಟೆ ಕೈಯಲ್ಲೇ ಇದ್ದ ಹಾಗೆ... ತಾತಾ, ಇನ್ನೊಂದು ಸೌಟು ಸೊದಿ.